ಉಚ್ಚಾರವೂ ಕಾಗುಣಿತವೂ ಒಟ್ಟಿಗೆ ಬರಲಿ

ಪ್ರಶ್ನೆ: ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ಪಠ್ಯಪುಸ್ತಕಗಳು ಉಚ್ಚಾರಣೆಯನ್ನೂ ಕಾಗುಣಿತವನ್ನೂ ಬೇರೆ ಬೇರೆ ಅಭ್ಯಾಸಗಳಾಗಿ ಕೊಡುವುದು ಸರಿಯೇ?

ಉತ್ತರ: ಸರಿಯಲ್ಲವೆಂದೇ ನನ್ನ ಅಭಿಪ್ರಾಯ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣ ಆರಂಭಿಸಿದ ನಂತರ ಬರಹದ ರೂಪ ಕ್ರಮೇಣ ಸ್ಥಿರವಾಗುತ್ತ ಹೋದರೂ ದೀರ್ಘಸ್ವರಗಳ ಉಚ್ಚಾರ ಬದಲಾಗುತ್ತಲೇ ಇದ್ದುದರಿಂದ ಬರಹಕ್ಕೂ ಉಚ್ಚಾರಕ್ಕೂ ಅಂತರ ಬೆಳೆಯಿತು; ಜೊತೆಗೆ ಇಂದು 26 ಅಕ್ಷರಗಳು ಬ್ರಿಟಿಷ್ ಉಚ್ಚಾರದ ಸುಮಾರು 44 ಧ್ವನಿಗಳನ್ನು ಹೊರಬೇಕಾಗಿದೆ. ಆದರೂ ಅಲ್ಲಿ ನಿಯಮಗಳೇ ಇಲ್ಲವೆಂದಲ್ಲ. ‘ಹಾಪ್’ (hop) ಪದದ ಕೊನೆಗೆ ‘ಇ’ (e) ಅಕ್ಷರ ಸೇರಿದರೆ ಅದು ‘ಹೋಪ್’ (hope) ಆಗುತ್ತದೆ, ‘ಕಟ್’ (cut) ಪದವು ‘ಕ್ಯೂಟ್’ (cute) ಆಗುತ್ತದೆ. ಉಚ್ಚಾರವನ್ನು ಸೂಚಿಸುವ ಧ್ವನಿಲಿಪಿಯ ಪಟ್ಟಿಯೊಂದನ್ನು ಕೊನೆಯ ಪುಟದಲ್ಲಿ ಅಚ್ಚುಹಾಕಿ ಕೈತೊಳೆದುಕೊಳ್ಳುವ ಬದಲು (ಅಂಥ ಪುಸ್ತಕಗಳು ಕಡಿಮೆಯೇನಲ್ಲ), ಇಂತಹ ಜೋಡಿಗಳನ್ನು ಮೊದಲು ಕೇಳಿಸಿ, ನುಡಿಸಿ, ಆಮೇಲೆ ಬರೆಸುವ ಅಭ್ಯಾಸಗಳನ್ನು ಪ್ರತಿ ಪಾಠದಲ್ಲೂ ಇಡಬೇಕು. ಬರಹಕ್ಕೆ ಉಚ್ಚಾರ ಹೊಂದದ ‘ಸೆಡ್’ (said) ನಂತಹ ಅಪವಾದಗಳನ್ನಷ್ಟೇ ಬಾಯಿಪಾಠ ಮಾಡಿಸಿದರೆ ಸಾಕು.