ಮೊದಲು ಮಾತಾಡಬೇಕಾದವರು ನೀವು

ಆಳಂದ ತಾಲ್ಲೂಕಿನಿಂದ ಪತ್ರ ಬರೆದ ಸಹೋದರರಿಗೆ ನಮಸ್ಕಾರ.

ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ಮಾಡಿದ್ದೇವೆ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನು ಮೊದಲು ಹೇಳುತ್ತೇನೆ. ತೊಗರಿ ನೆಟೆರೋಗಕ್ಕೆ ಸಿಕ್ಕಿ ಸಾಲ ಬೆಳೆದಿದೆ. ಕಲಬುರಗಿಯಲ್ಲಿ ಪಿಯುಸಿ ಓದುತ್ತಿರುವ ಮಗ ಕಾಲೇಜಿಗೆ ಸರಿಯಾಗಿ ಹೋಗುತ್ತಿಲ್ಲ. ಅದು ಯಾರ ತಪ್ಪು ಎಂದು ನಿಮಗೂ ನಿಮ್ಮ ಮನೆಯವರಿಗೂ ದಿನವೂ ಜಗಳ. ಹಿರಿಯರನ್ನು ಎರಡು ಸಲ ಕೂಡಿಸಿದರೂ ಬಗೆಹರಿದಿಲ್ಲ. ಆನ್‌ಲೈನ್ ಆಪ್ತಸಮಾಲೋಚನೆಯ, ಅಂದರೆ ಫೋನಿನಲ್ಲೋ ವಿಡಿಯೊ ಕರೆಯಲ್ಲೋ ತರಬೇತಿ ಪಡೆದವರೊಡನೆ ಮಾತಾಡಿ ನೆರವು ಪಡೆಯುವ ವಿಚಾರವನ್ನು ತಂಗಿಯ ಮಗ ತಿಳಿಸಿದ್ದಾನೆ. ಮುಖ ಕಾಣದವರ ಮುಂದೆ ಮನೆಯ ಮಾತು ಹೇಳಬಹುದೇ, ಮೊದಲು ಮಗನನ್ನು ಕೂರಿಸಬೇಕೇ ಎಂದು ಕೇಳಿದ್ದೀರಿ.

ಎರಡನೆಯ ಪ್ರಶ್ನೆಯೇ ನನಗೆ ಮುಖ್ಯವೆನಿಸಿತು. ಮಗನನ್ನು ಮೊದಲು ಕೂರಿಸಬೇಡಿ, ನೀವು ಕೂರಿ. ಮನೆಯ ತೊಂದರೆಗೆಲ್ಲ ತಾನೇ ಕಾರಣವೆಂದು ಈಗಾಗಲೇ ದಿನವೂ ಕೇಳುತ್ತಿರುವ ಹುಡುಗನನ್ನು ಅಪರಿಚಿತರೊಬ್ಬರ ಮುಂದೆ ಕೂರಿಸಿದರೆ, ಅದು ಅವನಿಗೆ ಮೂರನೆಯ ಪಂಚಾಯ್ತಿಯಾಗಿಯೇ ಕಾಣುತ್ತದೆ. ಸಾಲದ ಚಿಂತೆ, ನಿದ್ರೆಗೆಟ್ಟ ರಾತ್ರಿ, ಸಣ್ಣ ಮಾತಿಗೂ ಏರುವ ಸಿಟ್ಟು ಇವೆಲ್ಲ ನಿಮ್ಮ ಪತ್ರದಲ್ಲೇ ಇವೆ. ಇವು ತಂದೆಯಾದವನ ದಣಿವಿನ ಲಕ್ಷಣಗಳು, ಇವುಗಳಿಗೂ ಆರೈಕೆ ಬೇಕು. ನಿಮ್ಮ ಮನೆಯವರು ಬರಲು ಒಪ್ಪದಿದ್ದರೂ ನೀವೊಬ್ಬರೇ ಆರಂಭಿಸಬಹುದು, ಏಕೆಂದರೆ ಜಗಳದಲ್ಲಿ ಒಬ್ಬರ ಉತ್ತರ ಬದಲಾದರೆ ಇನ್ನೊಬ್ಬರ ಮಾತೂ ನಿಂತಲ್ಲೇ ನಿಲ್ಲುವುದಿಲ್ಲ.

ಹಿರಿಯರ ನ್ಯಾಯಕ್ಕೂ ಆಪ್ತಸಮಾಲೋಚನೆಗೂ ದೊಡ್ಡ ವ್ಯತ್ಯಾಸವಿದೆ. ಕಟ್ಟೆಯ ಮೇಲೆ ಕೂತವರು ತಪ್ಪು ಯಾರದೆಂದು ತೀರ್ಮಾನಿಸುತ್ತಾರೆ. ತಪ್ಪಿತಸ್ಥರೆನಿಸಿಕೊಂಡವರು ತಲೆತಗ್ಗಿಸಿ ಮನೆಗೆ ಬಂದು ಮತ್ತಷ್ಟು ಸಿಟ್ಟಾಗುತ್ತಾರೆ. ಆಪ್ತಸಮಾಲೋಚಕರು ತೀರ್ಪು ಕೊಡುವುದಿಲ್ಲ. ಸಾಮಾನ್ಯವಾಗಿ ಮುಕ್ಕಾಲು ಗಂಟೆಯ ಒಂದು ಭೇಟಿಯಲ್ಲಿ ಜಗಳ ಯಾವ ಹೊತ್ತಿಗೆ, ಯಾವ ಮಾತಿನಿಂದ ಹತ್ತಿಕೊಳ್ಳುತ್ತದೆ, ಆಗ ನಿಮ್ಮ ಮೈಯಲ್ಲಿ ಏನಾಗುತ್ತದೆ, ಅನಂತರ ಯಾರು ಮೊದಲು ಮಾತಾಡುತ್ತಾರೆ ಎಂದು ಬಿಡಿಬಿಡಿಯಾಗಿ ಕೇಳುತ್ತಾರೆ. ಮುಂದಿನ ಭೇಟಿಯೊಳಗೆ ಮಾಡಿನೋಡಲು ಒಂದು ಸಣ್ಣ ಕೆಲಸವನ್ನೂ ಹೇಳಬಹುದು. ಸಾಲದ ಲೆಕ್ಕವನ್ನು ರಾತ್ರಿ ಊಟದ ಹೊತ್ತಿನಲ್ಲಿ ತೆಗೆಯದಿರುವುದು ಅಂಥದ್ದು. ಇದರಿಂದ ಸಾಲ ತೀರುವುದಿಲ್ಲ, ಆದರೆ ಸಾಲದ ಸಿಟ್ಟು ಮಗನ ಮೇಲೆ ಬೀಳುವುದು ಕಡಿಮೆಯಾಗಬಹುದು. ಒಂದೆರಡು ಭೇಟಿಯಲ್ಲಿ ಎಲ್ಲ ಸರಿಹೋಗುವುದೆಂದು ಯಾರಾದರೂ ಮಾತು ಕೊಟ್ಟರೆ ಅಂಥವರನ್ನು ನಂಬಬೇಡಿ.

ಹಣ ಕೊಡುವ ಮುನ್ನ ಎದುರಿನವರ ಅರ್ಹತೆಯನ್ನು ಸಂಕೋಚವಿಲ್ಲದೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ (ಚಿಕಿತ್ಸಾ ಮನಶ್ಶಾಸ್ತ್ರಜ್ಞ) ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯುವುದು ವೈದ್ಯರ ಕೆಲಸವೇ ಹೊರತು ಸಮಾಲೋಚಕರದ್ದಲ್ಲ. ದುಡ್ಡಿನ ಅಡಚಣೆಯಿರುವುದರಿಂದ ಮೊದಲು 14416ಕ್ಕೆ ಕರೆ ಮಾಡಿ ಎನ್ನುತ್ತೇನೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ನಮ್ಮ ಕಡೆಯ ಮಾತು ಅವರಿಗೆ ತಿಳಿದೀತೇ ಎಂದು ಅಳುಕಬೇಡಿ. "ಜೀವಕ್ಕ ಸಾಕಾಗ್ಯಾದ" ಎಂದೇ ಹೇಳಿ, ಅದನ್ನು ಗ್ರಂಥಭಾಷೆಗೆ ತಿರುಗಿಸುವ ಹೊಣೆ ನಿಮ್ಮದಲ್ಲ.

ಗುಟ್ಟಿನ ವಿಚಾರವನ್ನೂ ಕೇಳಿದ್ದೀರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆ ಪಡೆಯುವವರ ವಿಷಯವನ್ನು ಗೋಪ್ಯವಾಗಿಡಬೇಕೆಂದು ವಿಧಿಸುತ್ತದೆ. ಜೀವಕ್ಕೆ ಅಪಾಯವಿದೆ ಎಂದು ಕಂಡಾಗ, ನ್ಯಾಯಾಲಯ ಆದೇಶಿಸಿದಾಗ, ಹೀಗೆ ಕಾಯ್ದೆಯೇ ಹೇಳಿರುವ ಕೆಲವು ಸಂದರ್ಭಗಳಲ್ಲಿ ಮಾತ್ರ ಇದರಲ್ಲಿ ಸಡಿಲಿಕೆ ಇರುತ್ತದೆ. ನಿಜವಾದ ತೊಡಕು ಎರಡು ಕೋಣೆಯ ಮನೆಯದು. ಪಕ್ಕದ ಕೋಣೆಯಲ್ಲಿ ನಿಮ್ಮ ತಾಯಿ ಮಲಗಿರುವಾಗ ಯಾರೂ ಮನಸ್ಸು ಬಿಚ್ಚಲಾರರು. ಹೊಲದ ಗಿಡದ ನೆರಳಿಗೆ ಹೋಗಿ ಇಯರ್‌ಫೋನ್ ಹಾಕಿಕೊಂಡು ಮಾತಾಡಿ. ನೆಟ್‌ವರ್ಕ್ ಸಿಗದೆ ವಿಡಿಯೊ ಕಡಿದರೆ ಬರೀ ಧ್ವನಿಯ ಕರೆಯಾದರೂ ಸಾಕು.

ಎಂದೂ ಕೈ ಎತ್ತಿಲ್ಲ ಎಂದು ಬರೆದಿದ್ದೀರಿ, ನಿಮ್ಮ ಮಾತನ್ನು ನಂಬುತ್ತೇನೆ. ಆದರೆ ಇದನ್ನು ಓದುವ ಬೇರೆ ಮನೆಗಳಿಗಾಗಿ ಹೇಳಲೇಬೇಕು: ಹೊಡೆತ, ಬೆದರಿಕೆ ಇರುವಲ್ಲಿ ಗಂಡ ಹೆಂಡತಿಯನ್ನು ಜೊತೆಗೆ ಕೂರಿಸಿ ಸಮಾಲೋಚನೆ ಮಾಡುವುದು ಸರಿಯಲ್ಲ. ಅಲ್ಲಿ ಹೆಣ್ಣುಮಗಳ ಸುರಕ್ಷತೆ ಮೊದಲು, ಮಹಿಳಾ ಸಹಾಯವಾಣಿ 181. ಜೀವ ಕಳೆದುಕೊಳ್ಳುವ ಯೋಚನೆ ಬಂದವರು ಭೇಟಿಯ ದಿನಕ್ಕೆ ಕಾಯದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು ಅಥವಾ 112ಕ್ಕೆ ಕರೆ ಮಾಡಬೇಕು.

ಇದು ಹುಚ್ಚರ ಚಿಕಿತ್ಸೆ ಎಂದು ನಿಮ್ಮ ಅಣ್ಣ ಅಂದರೆಂದು ನೊಂದಿದ್ದೀರಿ. ಮಾನಸಿಕ ಆರೈಕೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ನಡೆಸಿದ್ದು ನಮ್ಮದೇ ಭಾಗದ ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅಣ್ಣನವರಿಗೆ ಇದನ್ನು ತಿಳಿಸಿ.

ನಿಮ್ಮ ಪತ್ರದ ಕೊನೆಯಲ್ಲಿ ಒಂದೇ ಸಾಲು ಕಿರಿಯ ಮಗಳದ್ದಿದೆ: ಜಗಳ ಶುರುವಾದ ಕೂಡಲೇ ಆಕೆ ಊಟದ ತಟ್ಟೆ ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋಗುತ್ತಾಳೆ. ಮೊದಲ ಭೇಟಿಯಲ್ಲಿ ಎಲ್ಲಿಂದ ಮಾತು ಆರಂಭಿಸಬೇಕೆಂದು ತಿಳಿಯದಿದ್ದರೆ, ಆ ಸಾಲಿನಿಂದಲೇ ಆರಂಭಿಸಿ.

ಸಂಪಾದಕ