ಸಾಹೇಬರಿಗೆ ಬೇಜಾರಿನ ಕಾಗದ, ಇವರಿಗೆ ಮನೆ ದಾರಿ

ಬೆಳಗಾವಿ ಕಡೆ ಆಪ್ತಸಲಹೆ ಮಾಡುವವರಿಗೆ ಫೌಜಿಗಳು ಹೊಸಬರಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಓಣಿಗೊಬ್ಬರಾದರೂ ಸಿಗುತ್ತಾರೆ. ನಿವೃತ್ತಿಯಾಗಿ ಬಂದವರ ಕಷ್ಟಗಳು ನೂರಾರು ಥರ. ಶಿಕ್ಷೆಯಾಗಿ ಬಂದವರದು ಮಾತ್ರ ಹೆಚ್ಚುಕಡಿಮೆ ಒಂದೇ ಮಾತು: "ನಮ್ಮನ್ನ ಕಳಿಸಿದ್ರು, ದೊಡ್ಡವರನ್ನ ಬಿಟ್ರು." ಇದು ಪದೇ ಪದೇ ಬರುತ್ತಿರುವುದರಿಂದ ಒಬ್ಬರ ಕಥೆ ಬರೆಯುತ್ತಿದ್ದೇನೆ. ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಬಂದವರು ಹೆಂಡತಿ. ಗಂಡ ಹವಾಲ್ದಾರ್ ಆಗಿದ್ದವರು, ರೇಷನ್ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಲೆಕ್ಕದಲ್ಲಿ ಏರುಪೇರಾಗಿ ಸಮರಿ ಕೋರ್ಟ್ ಮಾರ್ಷಲ್, ಅಂದರೆ ಸೇನೆಯ ಒಳಗೇ ನಡೆಯುವ ಚುಟುಕು ವಿಚಾರಣೆ ಆಯಿತು, ವಜಾ ಆದರು. ಪಿಂಚಣಿಗೆ 15 ವರ್ಷದ ಸೇವೆ ಬೇಕು, ಇವರದು ಅಷ್ಟು ಆಗಿರಲಿಲ್ಲ. ಅದೇ ವಿಚಾರಣೆಯಲ್ಲಿ ಹೆಸರು ಬಂದಿದ್ದ ಹಿರಿಯ ಅಧಿಕಾರಿ 'ಸಿವಿಯರ್ ಡಿಸ್‌ಪ್ಲೆಷರ್', ಅಂದರೆ ಮೇಲಿನವರಿಗೆ ತೀವ್ರ ಬೇಜಾರಾಗಿದೆ ಅನ್ನುವ ಪತ್ರ ತಗೊಂಡು, ಆಮೇಲೆ ಪೂರ್ತಿ ಪಿಂಚಣಿಯೊಂದಿಗೆ ನಿವೃತ್ತರಾದರು. "ರಾತ್ರಿ ಎದ್ದು ಕುಂತು ಬರೀತಾರ್ರಿ. ರಾಷ್ಟ್ರಪತಿಗೆ, ಪ್ರಧಾನಿಗೆ, ಚೀಫ್ ಸಾಹೇಬ್ರಿಗೆ. ಮಗಾ ಭರ್ತಿಗೆ ಓಡಾಕ ಹೊಂಟ್ರ ಬೂಟು ಮುಚ್ಚಿಡ್ತಾರ" ಅಂದರು ಆಕೆ.

ಇಂಥವರಿಗೆ ಊರಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: ಬಿಟ್ಟುಬಿಡು, ಮೇಲೊಬ್ಬ ನೋಡ್ತಾನೆ. ನಾನು ಹಾಗೆ ಹೇಳುವುದಿಲ್ಲ. ಯಾಕೆಂದರೆ ಅವರ ದೂರಿನಲ್ಲಿ ಹುರುಳಿದೆ, ಮತ್ತು ಅದು ಬರೀ ಯಾರೋ ಒಬ್ಬ ಸಾಹೇಬರ ಕೆಟ್ಟತನದ ವಿಷಯ ಅಲ್ಲ. 1950ರ ಸೇನಾ ಕಾಯ್ದೆಯಲ್ಲೇ ದಾರಿ ಎರಡಾಗಿದೆ. ಸಮರಿ ಕೋರ್ಟ್ ಮಾರ್ಷಲ್ ಜವಾನರಿಗೂ ಹವಾಲ್ದಾರರಿಗೂ ಮಾತ್ರ. ಅಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ಕೋರ್ಟು. ಇನ್ನಿಬ್ಬರು ಹಾಜರಿರಬೇಕು, ಆದರೆ ತೀರ್ಪು ಅವರದಲ್ಲ. ವಜಾ ಮಾಡಬಹುದು, ಒಂದು ವರ್ಷದವರೆಗೆ ಜೈಲಿಗೂ ಹಾಕಬಹುದು. ಅಧಿಕಾರಿಯನ್ನು ಹೀಗೆ ವಿಚಾರಿಸುವ ಹಾಗಿಲ್ಲ. ಜನರಲ್ ಕೋರ್ಟ್ ಮಾರ್ಷಲ್ ಅಂದರೆ ಕನಿಷ್ಠ ಐದು ಮಂದಿ ಅಧಿಕಾರಿಗಳು ಕೂರಬೇಕು. ಅಷ್ಟೆಲ್ಲ ಯಾಕೆ ಅಂತ ಅನ್ನಿಸಿದರೆ ಆಡಳಿತಾತ್ಮಕ ಕ್ರಮ ಅಂತ ಇದ್ದೇ ಇದೆ, ಒಂದು ಪತ್ರದಲ್ಲಿ ಮುಗಿಯುತ್ತದೆ.

ದೊಡ್ಡವರ ನಡುವೆಯೂ ಅಳತೆ ಒಂದೇ ಇರುವುದಿಲ್ಲ. ಸಿಲಿಗುರಿ ಹತ್ತಿರದ ಸುಕ್ನಾ ಜಮೀನು ಪ್ರಕರಣ ನೆನಪಿರಬಹುದು. ಸೇನಾ ನೆಲೆಯ ಪಕ್ಕದ ಚಹಾ ತೋಟದ ಜಮೀನಿಗೆ ನಿರಾಕ್ಷೇಪಣಾ ಪತ್ರ ಕೊಟ್ಟ ವಿಷಯ. ಇಬ್ಬರು ಲೆಫ್ಟಿನೆಂಟ್ ಜನರಲ್‌ಗಳ ಹೆಸರು ಬಂತು. ಕೋರ್ ಕಮಾಂಡರ್ ಆಗಿದ್ದ ಪಿ.ಕೆ. ರಥ್ ಅವರಿಗೆ ಕೋರ್ಟ್ ಮಾರ್ಷಲ್, ಅಧಿಕಾರಿಗಳ ಬಡ್ತಿ-ವರ್ಗಾವಣೆ ನೋಡುವ ಮಿಲಿಟರಿ ಸೆಕ್ರೆಟರಿ ಆಗಿದ್ದ ಅವಧೇಶ್ ಪ್ರಕಾಶ್ ಅವರಿಗೆ ಬರೀ ಆಡಳಿತಾತ್ಮಕ ಕ್ರಮ ಅಂತ ಮೊದಲು ತೀರ್ಮಾನವಾಗಿತ್ತು. 2010ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಮಧ್ಯೆ ಬಂದ ಮೇಲೆ ಪ್ರಕಾಶ್ ಅವರಿಗೂ ಕೋರ್ಟ್ ಮಾರ್ಷಲ್ ಆಯಿತು. 2011ರಲ್ಲಿ ಅವರನ್ನು ವಜಾ ಮಾಡುವ ತೀರ್ಪು ಬಂತು. ರಥ್ ಅವರ ಶಿಕ್ಷೆಯನ್ನು 2014ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ರದ್ದು ಮಾಡಿತು. ಯಾರು ಸರಿ, ಯಾರು ತಪ್ಪು ಅನ್ನೋದು ನನ್ನ ವಿಷಯ ಅಲ್ಲ. ಹೋರಾಡಲು ಅವರಿಗೆ ದಾರಿಯಿತ್ತು, ವಕೀಲರಿದ್ದರು. ನಮ್ಮ ಹವಾಲ್ದಾರರಿಗೆ ಇದ್ದದ್ದು ಒಂದು ಪಾಕ್ಷಿಕ ರಜೆಯಷ್ಟೂ ಇಲ್ಲದ ಸಮಯ, ಮತ್ತು "ಒಪ್ಕೊಂಡ್ಬಿಡು, ಸಣ್ಣದರಾಗ ಮುಗೀತದ" ಅಂದ ಹಿತೈಷಿಗಳು.

ಹವಾಲ್ದಾರರು ಮೊದಮೊದಲು ಬಂದಾಗಲೆಲ್ಲ ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತರುತ್ತಿದ್ದರು. ಪ್ರತಿ ಕಾಗದದಲ್ಲೂ ಸಾಹೇಬರ ಹೆಸರಿನ ಕೆಳಗೆ ಕೆಂಪು ಗೆರೆ. ಯಾವ ದಿನ ಎಷ್ಟು ಹಿಟ್ಟು, ಎಷ್ಟು ಎಣ್ಣೆ, ಯಾವ ಗಾಡಿ, ಎಲ್ಲಾ ಬಾಯಿಪಾಠ. ಒಂದು ದಿನ ನಾನು ಚೀಲ ಪಕ್ಕಕ್ಕಿಡಿಸಿ ಕೇಳಿದೆ: "ಈ ಕಥೆ ಸಾಹೇಬರ ಹೆಸರು ಎತ್ತದೇ ಹೇಳಿ ನೋಡೋಣ. ಬರೀ ನೀವು ಏನು ಮಾಡಿದ್ರಿ ಅಷ್ಟೇ."

ಶುರು ಮಾಡಿದರು, ಎರಡನೇ ವಾಕ್ಯಕ್ಕೇ ಸಾಹೇಬರು ಬಂದರು. ಮತ್ತೆ ಶುರು. ಮತ್ತೆ ಬಂದರು. ಸಿಟ್ಟಾಗಿ ಎದ್ದರು, ಬಾಗಿಲ ತನಕ ಹೋದರು. ಹೆಂಡತಿ ಅಲ್ಲೇ ಹೊರಗೆ ಬೆಂಚಿನ ಮೇಲಿದ್ದರು. ಇವರು ಒಳಗೆ ವಾಪಸ್ ಬಂದು, ಕೂರದೆ, ಕುರ್ಚಿಯ ಬೆನ್ನು ಹಿಡಿದುಕೊಂಡೇ ಹೇಳಿದರು: "ಸಹಿ ನಂದ ಐತ್ರಿ. ರೇಷನ್ ತಗೊಳ್ಳೋ ಮಂದಿ ಲೆಕ್ಕ ಸುಳ್ಳು ಅಂತ ಗೊತ್ತಿತ್ತು. ಸಾಹೇಬ್ರು ಅಂದ್ರು, ನಾ ಹಾಕಿದೆ. ಆ ಕೋರ್ಟಿನ್ಯಾಗ ಒಪ್ಕೊಂಡೀನಿ. ಮನ್ಯಾಗ ಮಾತ್ರ ಹೇಳಿಲ್ಲ." ಆಮೇಲೆ ಸ್ವಲ್ಪ ನಕ್ಕರು. "ಒಂದ ಕೆಲಸಕ್ಕ ಅವರಿಗೆ ಬೇಜಾರಿನ ಕಾಗದ, ನನಗ ಮನಿ ದಾರಿ. ಇದು ಹೆಂಗ್ರಿ ಮೇಡಂ?"

ಹೇಗೂ ಸರಿ ಅಲ್ಲ, ಅಂದೆ. ಅದನ್ನು ತಿರುಚಿ ಹೇಳುವ ಅಗತ್ಯ ನನಗೆ ಕಾಣಲಿಲ್ಲ. ಸೇನಾ ಕಾಯ್ದೆಯ ಪ್ರಕಾರ ಕಾನೂನುಬದ್ಧ ಆದೇಶವನ್ನು ಮಾತ್ರ ಪಾಲಿಸಬೇಕು, ನಿಜ. ಆದರೆ ಆದೇಶ ಕೊಡುವವರೇ ನಿಮ್ಮ ವಾರ್ಷಿಕ ವರದಿ ಬರೆಯುತ್ತಾರೆ, ನಾಳೆ ಅವರೇ ಒಂಟಿಯಾಗಿ ಕೋರ್ಟಾಗಿ ಕೂರಬಹುದು ಅಂದಾಗ "ಸಾಧ್ಯವಿಲ್ಲ ಸರ್" ಅನ್ನುವ ಹವಾಲ್ದಾರ ಎಷ್ಟು ಮಂದಿ ಸಿಗುತ್ತಾರೆ?

ಕೊಟ್ಟ ಸಲಹೆ ಇಷ್ಟು. ರಾತ್ರಿ ಪತ್ರ ಬರೆಯೋದು ನಿಲ್ಲಿಸಿ. ಕೋರ್ಟ್ ಮಾರ್ಷಲ್ ನಡಾವಳಿಯ ಪ್ರತಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕವೋ ನಿಮ್ಮ ದುಡ್ಡಲ್ಲೋ ಸೇನೆಯ ಕೇಸು ನಡೆಸಿ ಗೊತ್ತಿರುವ ಒಬ್ಬ ವಕೀಲರನ್ನು ಹಿಡಿಯಿರಿ. ಅದೇ ತಪ್ಪಿಗೆ ಇನ್ನೊಬ್ಬರಿಗೆ ಹಗುರ ಶಿಕ್ಷೆ ಅನ್ನೋದು ನ್ಯಾಯಮಂಡಳಿ ಮುಂದೆ ಎತ್ತಬಹುದಾದ ವಾದ; ರಾಷ್ಟ್ರಪತಿಗೆ ಬರೆದ ಪತ್ರದಲ್ಲಿ ಅದು ಬರೀ ಗೋಳು. ಮತ್ತೆ, ಸಹಿಯ ವಿಷಯ ಹೆಂಡತಿಗೆ ಹೇಳಿ. ಇವತ್ತೇ.

ಕೊನೆಯ ಸಲಹೆಗೆ ನನ್ನ ಸಹೋದ್ಯೋಗಿ ಒಬ್ಬರು ತಕರಾರು ತೆಗೆದರು. "ದೊಡ್ಡವರು ತಪ್ಪಿಸಿಕೊಂಡಿದ್ದಾರೆ, ನೀವು ಬಡಪಾಯಿಯ ತಪ್ಪನ್ನೇ ಕೆದಕಿದ್ರಲ್ಲ" ಅಂದರು. ನಾನು ಈಗಲೂ ಒಪ್ಪುವುದಿಲ್ಲ. ಸಾಹೇಬರಿಗೆ ಶಿಕ್ಷೆ ಆಗುವ ತನಕ ತಾನು ಸಹಿಯ ಬಗ್ಗೆ ಬಾಯಿ ಬಿಡಬಾರದು ಅಂತ ಆ ಮನುಷ್ಯ ತೀರ್ಮಾನ ಮಾಡಿಬಿಟ್ಟಿದ್ದರು. ಆ ಶಿಕ್ಷೆ ಬಹುಶಃ ಆಗುವುದೇ ಇಲ್ಲ. ನಿವೃತ್ತರನ್ನೂ ವಿಚಾರಣೆಗೆ ಕರೆಯಬಹುದು, ಆದರೆ ಕಾಯ್ದೆ ಕೊಡುವ ಗಡುವು ಮೂರು ವರ್ಷ, ಅದು ಮುಗಿದುಹೋಗಿದೆ. ಹಾಗಾದರೆ ಇವರ ಬಾಯಿ ಯಾವಾಗ ಬಿಚ್ಚಬೇಕು? ಅಧಿಕಾರಿಗಳಿಗೊಂದು, ಜವಾನರಿಗೊಂದು ಅನ್ನೋ ಪದ್ಧತಿಯನ್ನು ಬದಲಿಸುವ ಕೆಲಸ ಸಂಸತ್ತಿನದು, ಕೋರ್ಟಿನದು. ಅಲ್ಲಿ ಜೋರಾಗಿಯೇ ಕೇಳಬೇಕು. ನನ್ನ ಕೋಣೆಗೆ ಬಂದವರ ಮಟ್ಟಿಗೆ, ಅವರ ಮನೆಯ ಮಾತು ಅದಕ್ಕೆಲ್ಲ ಕಾಯಬಾರದು.

ಹೆಂಡತಿಗೆ ಹೇಳಿದರು. ಆಕೆ ಎರಡು ದಿನ ಮಾತು ಬಿಟ್ಟರಂತೆ, ಆಮೇಲೆ "ಮೊದಲ ಹೇಳಿದ್ರ ಬಳೀ ಮಾರಿ ವಕೀಲನ್ನ ಹಿಡೀತಿದ್ದೆ" ಅಂದರಂತೆ. ಅರ್ಜಿ ಈಗ ನ್ಯಾಯಮಂಡಳಿಯಲ್ಲಿದೆ, ತಡವಾಗಿದ್ದಕ್ಕೆ ಕ್ಷಮೆ ಕೋರಿ ಹಾಕಿದ್ದಾರೆ. ಮಗನ ಬೂಟು ವಾಪಸ್ ಸಿಕ್ಕಿದೆ, ಆದರೆ ಅವನು ಭರ್ತಿಗೆ ಹೋಗುವುದು ಅಪ್ಪನಿಗೆ ಇನ್ನೂ ಇಷ್ಟ ಇಲ್ಲ. ಆ ಜಗಳಕ್ಕೆ ಮುಂದಿನ ತಿಂಗಳು ಇಬ್ಬರನ್ನೂ ಒಟ್ಟಿಗೆ ಕರೆದಿದ್ದೇನೆ.