ಬರೀ ಯೂರಿಯಾ ಹಾಕಿದ್ರೆ ಮೇವಿನ ಹುಲ್ಲಿಗೆ ಸಾಕಾ?

ಪ್ರಶ್ನೆ: ನೇಪಿಯರ್ ಹುಲ್ಲಿಗೆ ಪ್ರತಿ ಕಟಾವಾದ ಮೇಲೂ ಯೂರಿಯಾ ಕೊಡ್ತಿದೀನಿ ಸರ್. ಮೊದಲು ಸೊಂಪಾಗಿ ಬರ್ತಿತ್ತು, ಈಗ ತೆಂಡೆ (ಬುಡದಿಂದ ಒಡೆಯೋ ಚಿಗುರು) ಕಮ್ಮಿ, ಕೆಳಗಿನ ಎಲೆ ಅಂಚು ಸುಟ್ಟಂಗಾಗಿದೆ. ಏನ್ ಮಾಡ್ಲಿ?

ಉತ್ತರ: ಹಳೇ ಎಲೆ ತುದಿ-ಅಂಚು ಕಂದು ತಿರುಗಿ ಒಣಗ್ತಿದ್ರೆ ಹೆಚ್ಚಾಗಿ ಅದು ಪೊಟ್ಯಾಷ್ ಕೊರತೆ. ಯೂರಿಯಾದಲ್ಲಿರೋದು 46% ಸಾರಜನಕ ಅಷ್ಟೇ, ಆದ್ರೆ ನೀವು ಹೊರೆ ಕಟ್ಟಿ ಸಾಗಿಸೋ ಹುಲ್ಲಿನ ಜೊತೆ ಪೊಟ್ಯಾಷೂ ರಾಶಿ ರಾಶಿ ಹೊಲ ಬಿಟ್ಟು ಹೋಗ್ತಿರುತ್ತೆ, ವಾಪಸ್ ಹಾಕ್ದೇ ಇದ್ರೆ ಬುಡ ಮತ್ತೆ ಚಿಗುರೋಕೆ ಶಕ್ತಿ ಎಲ್ಲಿಂದ ಬರ್ಬೇಕು ಹೇಳಿ. ಸಾರಜನಕದಿಂದ ಪ್ರೋಟೀನ್ ಹೆಚ್ಚುತ್ತೆ ನಿಜ, ಆದ್ರೆ ಗಂಧಕ ಸಾಲದಿದ್ರೆ ಅದು ಪೂರ್ತಿ ಪ್ರೋಟೀನ್ ಆಗಲ್ಲ. ಸಾರಜನಕ ಅತಿಯಾದ್ರೆ, ಅದರಲ್ಲೂ ಮಳೆ ಕೈಕೊಟ್ಟಾಗ, ದಂಟಿನ ಬುಡದಲ್ಲಿ ನೈಟ್ರೇಟ್ (ಪ್ರೋಟೀನ್ ಆಗದೇ ಉಳಿದ ಸಾರಜನಕ) ತುಂಬ್ಕೊಳ್ಳುತ್ತೆ, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ, ದನದ ಜೀವಕ್ಕೇ ಅಪಾಯ.

ಮೊದಲು ಮಣ್ಣು ಪರೀಕ್ಷೆ ಮಾಡ್ಸಿ. ಕೊಟ್ಟಿಗೆ ಗೊಬ್ಬರ, ರಂಜಕ ಬುಡಕ್ಕೆ ಹೋಗ್ಲಿ, ಸಾರಜನಕ ಪೊಟ್ಯಾಷ್ ಎರಡನ್ನೂ ಕಟಾವಿಗಿಷ್ಟು ಅಂತ ಹಂಚಿ ಕೊಡಿ. ಹಾಗಂತ ಪೊಟ್ಯಾಷನ್ನೇ ಸುರೀಬೇಡಿ, ಜಾಸ್ತಿ ಆದ್ರೆ ಹುಲ್ಲಿಗೆ ಮೆಗ್ನೀಷಿಯಂ ಸರಿಯಾಗಿ ಸಿಗಲ್ಲ.